29 ಸಲ ಬಂದು 26 ಯಾಕೆ? 1956ರ ಲಾರ್ಸನ್ ಪಂದ್ಯದ ಲೆಕ್ಕ

1956ರಲ್ಲಿ ಯಾಂಕೀಸ್ ತಂಡದ ಪಿಚರ್ (ಚೆಂಡೆಸೆಯುವವರು) ಲಾರ್ಸನ್ ಡಾಡ್ಜರ್ಸ್ ವಿರುದ್ಧ ಆಡಿದ ಬೇಸ್‌ಬಾಲ್ ಪಂದ್ಯದ ಸ್ಕೋರ್ ಹಾಳೆಯಲ್ಲಿ 29ರ ಬದಲು 26 ಇರುವುದು ಮುದ್ರಣದ ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ. ಯಾಂಕೀಸ್ 29 ಸಲ ಬ್ಯಾಟಿಗೆ ಬಂದರೂ 'ಎಟ್ ಬ್ಯಾಟ್' ಕಾಲಂನಲ್ಲಿ 26 ಇರುವುದಕ್ಕೆ ಕಾರಣ, ಅದರಲ್ಲಿ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಬೇಸ್) ಮತ್ತು ಸ್ಯಾಕ್ರಿಫೈಸ್ (ತಾನು ಔಟಾಗಿ ಜೊತೆಗಾರನನ್ನು ಮುಂದೆ ಸಾಗಿಸುವ ಹೊಡೆತ) ಸೇರುವುದಿಲ್ಲ. ಕ್ರಿಕೆಟ್ ನೋಡಿ ಬೆಳೆದವರೆಲ್ಲ ಇಲ್ಲೇ ಎಡವುತ್ತೇವೆ.

ಮೊದಲು 26ಕ್ಕೆ ಸ್ಲಾಟರ್ ಮತ್ತು ಮೆಕ್‌ಡೂಗಲ್ಡ್ ಪಡೆದ 2 ವಾಕ್ ಸೇರಿಸಿ. ಆಮೇಲೆ 6ನೇ ಇನಿಂಗ್ಸ್‌ನಲ್ಲಿ ಲಾರ್ಸನ್ ಮಾಡಿದ ಸ್ಯಾಕ್ರಿಫೈಸ್ ಬಂಟ್ (ಚೆಂಡನ್ನು ಮೆಲ್ಲಗೆ ತಟ್ಟುವುದು) 1. ಒಟ್ಟು 29. ಬ್ಯಾಟಿಗೆ ಬಂದವರು ರನ್ ಮಾಡುತ್ತಾರೆ, ಬೇಸ್‌ನಲ್ಲಿ ಉಳಿಯುತ್ತಾರೆ, ಇಲ್ಲವೇ ಔಟಾಗುತ್ತಾರೆ. ಹಾಗಾಗಿ ಈಗ ಇನ್ನೊಂದು ಕಡೆಯಿಂದ ಕೂಡಿ: ರನ್ 2, ಬೇಸ್‌ನಲ್ಲೇ ಉಳಿದವರು 3, ಔಟ್ 24. ಅದೂ 29. ಎರಡೂ ತಾಳೆಯಾದರೆ ಹಾಳೆ ಸರಿ ಇದೆ. ಯಾವ ಹಳೇ ಪಂದ್ಯಕ್ಕೂ ಈ ಪರೀಕ್ಷೆ ನಡೆಯುತ್ತದೆ. ಚೆಂಡು ಮೈಗೆ ಬಿದ್ದು ಅಥವಾ ಕ್ಯಾಚರ್ ಅಡ್ಡಿಪಡಿಸಿ ಬೇಸ್ ಸಿಕ್ಕಿದ್ದರೆ ಅದನ್ನೂ ವಾಕ್ ಜೊತೆ ಕೂಡಬೇಕು, ಅಷ್ಟೇ.

ಇನಿಂಗ್ಸ್‌ಗೆ 3ರಂತೆ 9 ಇನಿಂಗ್ಸ್‌ಗೆ ಔಟ್ 27 ಅಲ್ವಾ ಅಂತ ಕೇಳಬಹುದು. ಆತಿಥೇಯ ಯಾಂಕೀಸ್ 2-0 ಮುಂದಿತ್ತು, 9ನೇ ಇನಿಂಗ್ಸ್‌ನ ಕೆಳಭಾಗ (ಆತಿಥೇಯರು ಬ್ಯಾಟ್ ಮಾಡುವ ಸರದಿ) ಆಡಲೇ ಇಲ್ಲ. ಡಾಡ್ಜರ್ಸ್‌ನ ಪಿಚರ್ ಮ್ಯಾಗ್ಲಿ ಹೆಸರಿನ ಮುಂದೆ 8 ಇನಿಂಗ್ಸ್ ಇರುವುದೂ ಇದಕ್ಕೇ. ಯಾಂಕೀಸ್‌ಗೆ 5 ಹಿಟ್, 2 ವಾಕ್ ಅಂದರೆ 7 ಸಲ ಬೇಸ್ ಸಿಕ್ಕಿತು; ರನ್ ಮಾಡಿದವರು 2, ಉಳಿದವರು 3. ಲೆಕ್ಕಕ್ಕೆ ಸಿಗದ ಇಬ್ಬರು ಡಬಲ್ ಪ್ಲೇಗಳಲ್ಲಿ (ಒಂದೇ ಆಟದಲ್ಲಿ ಎರಡು ಔಟ್) ಹೋದರು.

ಡಾಡ್ಜರ್ಸ್ ಕಡೆ ತಲೆಕೆಡಿಸಿಕೊಳ್ಳಬೇಡಿ: 27 ಎಟ್ ಬ್ಯಾಟ್, 27 ಔಟ್, ಮಿಕ್ಕಿದ್ದೆಲ್ಲ ಸೊನ್ನೆ. ಹತ್ತನೇ ಹೆಸರು ಮಿಚೆಲ್, ಮ್ಯಾಗ್ಲಿ ಬದಲು ಬಂದು ಕೊನೇ ಔಟ್ ಆದವರು.

ನಿಮ್ಮ ಹಾಳೆ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಬಂಟ್ ಕಾಣದಿದ್ದರೆ ಪಟ್ಟಿಯ ಕೆಳಗಿನ ಸಣ್ಣ ಅಕ್ಷರದ ಸಾಲುಗಳಲ್ಲಿ ಹುಡುಕಿ.