ಗಾಳಕ್ಕೆ ಬಿದ್ದ ಮೇಲೆ ಯಾವ ಬಾಸ್ ಮೀನು ಹೆಚ್ಚು ಜಗ್ಗುತ್ತದೆ?

ನೀವು ಕೇಳಿದ್ದು ಇಷ್ಟು: ಇಲ್ಲಿಯವರೆಗೆ ಲಾರ್ಜ್‌ಮೌತ್ ಬಾಸ್ ಮಾತ್ರ ಹಿಡಿದಿದ್ದೀರಿ. ಅದೇ ತೂಕದ ಸ್ಮಾಲ್‌ಮೌತ್ ಎರಡು ಪಟ್ಟು ಜಗ್ಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಅದು ನಿಜವೇ? ಬಾಸ್ ಎಂದು ಕರೆಯುವ ಮೀನುಗಳಲ್ಲೆಲ್ಲ ಹೆಚ್ಚು ಸೆಣಸುವುದು ಯಾವುದು? ಮುಂದಿನ ಸಲ ಯಾವುದರ ಹಿಂದೆ ಹೋಗಲಿ?

ಸ್ಮಾಲ್‌ಮೌತ್ ಹೆಚ್ಚು ಜಗ್ಗುತ್ತದೆ, ನಿಜ. ಆದರೆ ಆ ‘ಎರಡು ಪಟ್ಟಿ’ನಲ್ಲಿ ದೊಡ್ಡ ಪಾಲು ಮೀನಿನದ್ದಲ್ಲ, ಕೈಯಲ್ಲಿರುವ ರಾಡು ಮತ್ತು ದಾರದ್ದು. ಇದನ್ನು ಬಿಡಿಸಿ ನೋಡದೆ ಎರಡು ಮೀನುಗಳನ್ನು ಹೋಲಿಸಿದರೆ ಲಾರ್ಜ್‌ಮೌತ್‌ಗೆ ಅನ್ಯಾಯವಾಗುತ್ತದೆ.

ಲಾರ್ಜ್‌ಮೌತ್ ಹಿಡಿಯುವ ಜಾಗ ನೆನಪಿಸಿಕೊಳ್ಳಿ. ಜೊಂಡು, ತಾವರೆ ಎಲೆ, ಮುಳುಗಿದ ಮರದ ಕೊಂಬೆ. ಅಲ್ಲಿಗೆ ಎಸೆಯುವವರು ಗಟ್ಟಿ ರಾಡಿಗೆ ಐವತ್ತು, ಅರವತ್ತೈದು ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ) ದಾರ ಕಟ್ಟಿರುತ್ತಾರೆ, ಡ್ರ್ಯಾಗ್, ಅಂದರೆ ದಾರ ಬಿಚ್ಚಿಹೋಗುವುದನ್ನು ತಡೆಯುವ ರೀಲಿನ ಬ್ರೇಕು, ಪೂರ್ತಿ ಬಿಗಿದಿರುತ್ತಾರೆ. ಮೀನು ಕಚ್ಚಿದ ಕ್ಷಣವೇ ಎಳೆದು ಮೇಲಕ್ಕೆ ತರುತ್ತಾರೆ, ಏಕೆಂದರೆ ಎರಡು ಸೆಕೆಂಡು ತಡಮಾಡಿದರೆ ಅದು ಕಳೆಯೊಳಗೆ ಸುತ್ತಿಕೊಳ್ಳುತ್ತದೆ. ಮೀನಿಗೆ ಸೆಣಸಲು ಅವಕಾಶವೇ ಸಿಗಲಿಲ್ಲ. ಸ್ಮಾಲ್‌ಮೌತ್ ಕಥೆ ಬೇರೆ. ತಿಳಿನೀರು, ಬಂಡೆ, ಜಲ್ಲಿ. ಸುತ್ತ ಸಿಕ್ಕಿಕೊಳ್ಳುವಂಥದ್ದೇನೂ ಇಲ್ಲ. ತಿಳಿನೀರಲ್ಲಿ ದಾರ ಕಾಣಬಾರದೆಂದು ಎಂಟು ಪೌಂಡಿನ ಫ್ಲೋರೋಕಾರ್ಬನ್ ದಾರ, ಬಾಗುವ ಸ್ಪಿನ್ನಿಂಗ್ ರಾಡು. ಒಂದೂವರೆ ಕಿಲೋ ಮೀನು ಅದರಲ್ಲಿ ಮನಸ್ಸಿಗೆ ಬಂದ ಕಡೆ ಓಡಬಹುದು, ರೀಲು ಸದ್ದು ಮಾಡುತ್ತಲೇ ಇರುತ್ತದೆ. ಹೀಗೆ ಎರಡು ಬೇರೆ ಆಟಗಳನ್ನು ಆಡಿ ಆಟಗಾರರನ್ನು ಹೋಲಿಸುತ್ತೇವೆ.

ಎರಡೂ ಇರುವ ನೀರಲ್ಲಿ, ಉದಾಹರಣೆಗೆ ಮಿಶಿಗನ್ ಮತ್ತು ಒಂಟಾರಿಯೊ ನಡುವಿನ ಸೇಂಟ್ ಕ್ಲೇರ್ ಸರೋವರದಲ್ಲಿ, ಒಂದೇ ರಾಡು ಒಂದೇ ದಾರದಲ್ಲಿ ಒಂದೇ ದಿನ ಎರಡನ್ನೂ ಹಿಡಿದರೆ ನಿಜವಾದ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಆಗಲೂ ಸ್ಮಾಲ್‌ಮೌತ್ ಮುಂದೆ, ಅನುಮಾನವಿಲ್ಲ. ಲಾರ್ಜ್‌ಮೌತ್ ಮೊದಲ ಎಳೆತದಲ್ಲಿ ಹೆಚ್ಚುಕಡಿಮೆ ಸಮನಾಗಿಯೇ ನಿಲ್ಲುತ್ತದೆ. ಒಮ್ಮೆ ನೀರಿನ ಮೇಲೆ ಬಂದು ಬಾಯಿ ಅಗಲಿಸಿ ತಲೆ ಒದರುತ್ತದೆ. ಗಾಳ ತಪ್ಪುವುದು ಹೆಚ್ಚಾಗಿ ಆಗಲೇ, ಏಕೆಂದರೆ ಅಷ್ಟು ದೊಡ್ಡ ಬಾಯಿಯಲ್ಲಿ ಭಾರದ ಜಿಗ್ (ತಲೆಗೆ ತೂಕ ಕೂಡಿಸಿದ ಗಾಳ) ಅತ್ತಿತ್ತ ತೂಗಿ ತನ್ನ ತೂಕದಿಂದಲೇ ಕಿತ್ತುಬರುತ್ತದೆ. ಅಷ್ಟಾದ ಮೇಲೆ ಅದರ ಕಸುವು ಬೇಗ ಇಳಿಯುತ್ತದೆ. ಸ್ಮಾಲ್‌ಮೌತ್ ಹಾಗಲ್ಲ. ಜಿಗಿಯುತ್ತದೆ, ತಳಕ್ಕೆ ಹೋಗುತ್ತದೆ, ದೋಣಿಯ ಹತ್ತಿರ ಬಂದು ಇನ್ನೇನು ಬಲೆಗೆ ಬಿತ್ತು ಎನ್ನುವಾಗ ದೋಣಿಯ ಅಡಿಗೇ ನುಗ್ಗುತ್ತದೆ. ಆ ಕೊನೆಯ ನುಗ್ಗಾಟವೇ ನನಗೆ ಈ ಮೀನಿನ ಮೇಲೆ ಇಷ್ಟೊಂದು ಪ್ರೀತಿ ಹುಟ್ಟಿಸಿದ್ದು. ಗೆದ್ದೆ ಎಂದುಕೊಂಡ ಮೇಲೆ ಶುರುವಾಗುವ ಎರಡನೇ ಸೆಣಸಾಟ ಅದು.

ಇದಕ್ಕೆ ಕಾರಣ ಬದುಕುವ ರೀತಿ. ಲಾರ್ಜ್‌ಮೌತ್ ಹೊಂಚುಗಾರ. ನೆರಳಲ್ಲಿ ಅಲುಗಾಡದೆ ನಿಂತು, ಬೇಟೆ ಹತ್ತಿರ ಬಂದಾಗ ಒಂದೇ ನೆಗೆತಕ್ಕೆ ನುಂಗುತ್ತದೆ. ಅದರ ಬಿಳಿ ಸ್ನಾಯು ಆ ಒಂದು ನೆಗೆತಕ್ಕೆ ಚೆನ್ನಾಗಿ ಒದಗುತ್ತದೆ. ಆಮ್ಲಜನಕಕ್ಕೆ ಕಾಯದೆ ಕೂಡಿಟ್ಟ ಗ್ಲೈಕೋಜನ್ ಸುಟ್ಟು ಬಲ ಕೊಡುತ್ತದೆ, ಆದರೆ ಬೇಗ ಬಳಲುತ್ತದೆ. ಸ್ಮಾಲ್‌ಮೌತ್ ಹರಿವಿನಲ್ಲಿ, ತಂಪು ನೀರಿನಲ್ಲಿ, ಬಂಡೆಗಳ ನಡುವೆ ಸಿಗಡಿಯಂಥ ಕ್ರೇಫಿಶ್ ಮತ್ತು ಸಣ್ಣ ಮೀನು ಬೇಟೆಯಾಡುತ್ತ ಅಲೆಯುವ ಮೀನು. ತಂಪು ನೀರಲ್ಲಿ ಆಮ್ಲಜನಕವೂ ಹೆಚ್ಚು ಕರಗಿರುತ್ತದೆ. ಹಾಗಾಗಿ ಬೇಸಿಗೆಯ ಬಿಸಿ ಕೊಳದ ಲಾರ್ಜ್‌ಮೌತನ್ನು ಶರತ್ಕಾಲದ ಸ್ಮಾಲ್‌ಮೌತ್ ಜೊತೆ ಹೋಲಿಸುವುದೂ ಸರಿಯಲ್ಲ. ಅದೇ ಲಾರ್ಜ್‌ಮೌತನ್ನು ಹರಿಯುವ ಹೊಳೆಯಲ್ಲಿ ಹಿಡಿದು ನೋಡಿ. ಕೆರೆಯದ್ದಕ್ಕಿಂತ ಸಣಕಲಾಗಿರುತ್ತದೆ, ಜಗ್ಗುವುದು ಜಾಸ್ತಿ.

ದೊಡ್ಡದಾದಷ್ಟೂ ಜೋರಾಗಿ ಸೆಣಸುತ್ತದೆ ಎಂಬ ನಂಬಿಕೆ ಲಾರ್ಜ್‌ಮೌತ್ ವಿಷಯದಲ್ಲಿ ಪೂರ್ತಿ ನಿಲ್ಲುವುದಿಲ್ಲ. 1932ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಮತ್ತೆ 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸಿಕ್ಕ ದಾಖಲೆಯ ಮೀನುಗಳು 10 ಕಿಲೋ ದಾಟಿದ್ದವು. ಸ್ಮಾಲ್‌ಮೌತ್ ದಾಖಲೆ 1955ರಲ್ಲಿ ಅಮೆರಿಕದ ಡೇಲ್ ಹಾಲೋ ಜಲಾಶಯದ್ದು, ಸುಮಾರು ಐದೂವರೆ ಕಿಲೋ. ಆದರೆ ಹೊಟ್ಟೆ ತುಂಬಿದ ದೊಡ್ಡ ಲಾರ್ಜ್‌ಮೌತ್ ಭಾರವಾಗಿ ಎಳೆಯುತ್ತದೆ ಹೊರತು ಚುರುಕಾಗಿ ಅಲ್ಲ. ಒಂದರಿಂದ ಎರಡೂವರೆ ಕಿಲೋವರೆಗಿನ ಮೀನೇ ಹೆಚ್ಚು ಜಿಗಿಯುವುದು, ಹೆಚ್ಚು ರಂಗೇರಿಸುವುದು.

ಸ್ಪಾಟೆಡ್ ಬಾಸ್ ನೋಡಲು ಲಾರ್ಜ್‌ಮೌತ್ ಥರ, ಸ್ವಭಾವ ಸ್ಮಾಲ್‌ಮೌತ್ ಥರ. ಜಿಗಿಯುವುದು ಕಡಿಮೆ, ತಲೆ ಕೆಳಗೆ ಮಾಡಿ ಆಳಕ್ಕೆ ಅಗೆಯುತ್ತ ಹೋಗುತ್ತದೆ. ಅದರ ಹತ್ತಿರದ ಬಂಧುವಾದ ಅಲಬಾಮಾ ಬಾಸ್ ಕೂಸಾ ನದಿಯ ಅಣೆಕಟ್ಟುಗಳ ಕೆಳಗಿನ ಸೆಳವಿನಲ್ಲಿ ಬೆಳೆದದ್ದು ಸಿಕ್ಕರೆ, ಎರಡು ಕಿಲೋ ಮೀನು ಮೂರು ಕಿಲೋ ಇದ್ದಂತೆ ಕೈಗೆ ತಾಗುತ್ತದೆ. ಅದರ ಹೆಸರು ಇನ್ನೂ ಹೆಚ್ಚು ಜನರ ಬಾಯಲ್ಲಿ ಇರಬೇಕಿತ್ತು ಎಂಬುದು ನನ್ನ ಆಸೆ.

ಇಷ್ಟೂ ಸನ್‌ಫಿಶ್ ಕುಟುಂಬದ ಮೀನುಗಳು. ಸ್ಟ್ರೈಪ್ಡ್ ಬಾಸ್ ಬೇರೆಯದೇ ಕುಟುಂಬ, ಜಗ್ಗುವ ರೀತಿಯೂ ಬೇರೆ. ಅದು ಊರೂರು ತಿರುಗುವ ಮೀನು: ಚೆಸಪೀಕ್ ಕೊಲ್ಲಿಯ ನದಿಗಳಲ್ಲಿ ಮೊಟ್ಟೆಯಿಟ್ಟು ಅಟ್ಲಾಂಟಿಕ್ ದಂಡೆಗುಂಟ ಉತ್ತರದ ಮೇನ್ ರಾಜ್ಯದವರೆಗೂ ಈಜುತ್ತದೆ. ಜಿಗಿತ ಬಹಳ ಅಪರೂಪ. ಓಟವೇ ಅದರ ಸೆಣಸಾಟ, ದೂರ ಮತ್ತು ನೇರ. ರೀಲಿನಲ್ಲಿ ದಾರ ಎಷ್ಟಿದೆ ಎಂಬುದನ್ನು ಯೋಚಿಸುವಂತೆ ಮಾಡುವ ಬಾಸ್ ಇದೊಂದೇ. ದಕ್ಷಿಣ ಕೆರೊಲಿನಾದ ಸ್ಯಾಂಟೀ-ಕೂಪರ್ ಜಲಾಶಯಗಳಲ್ಲಿ 1940ರ ದಶಕದಲ್ಲಿ ಅಣೆಕಟ್ಟಿನ ಹಿಂದೆ ಉಳಿದುಹೋದ ಸ್ಟ್ರೈಪರ್‌ಗಳು ಸಿಹಿನೀರಲ್ಲೇ ಸಂತಾನ ಬೆಳೆಸಿದವು. ಈಗ ಅನೇಕ ಒಳನಾಡಿನ ಜಲಾಶಯಗಳಲ್ಲೂ ಇವು ಸಿಗುತ್ತವೆ.

ಅದೇ ದಕ್ಷಿಣ ಕೆರೊಲಿನಾದಲ್ಲಿ 1960ರ ದಶಕದಲ್ಲಿ ಸ್ಟ್ರೈಪ್ಡ್ ಬಾಸ್ ಮತ್ತು ವೈಟ್ ಬಾಸ್ ಕೂಡಿಸಿ ಒಂದು ಮಿಶ್ರತಳಿ ಮಾಡಿದರು. ಕಿಲೋಗೆ ಕಿಲೋ ಲೆಕ್ಕ ಹಾಕಿದರೆ, ಅಮೆರಿಕದ ಸಿಹಿನೀರಿನಲ್ಲಿ ನನ್ನ ಮೊದಲ ಸ್ಥಾನ ಇದಕ್ಕೆ. ವೈಟ್ ಬಾಸ್‌ನ ಎತ್ತರದ ಮೈ, ಸ್ಟ್ರೈಪರ್‌ನ ಓಟ. ಕಚ್ಚಿದ ಕೂಡಲೇ ಹಗ್ಗ ಕಿತ್ತ ಹೋರಿಯಂತೆ ಓಡುತ್ತದೆ, ನಿಲ್ಲಿಸಿದರೆ ಮೈಯನ್ನು ಅಡ್ಡ ತಿರುಗಿಸಿ ನೀರಿನ ಒತ್ತಡವನ್ನೆಲ್ಲ ನಿಮ್ಮ ವಿರುದ್ಧ ಬಳಸುತ್ತದೆ, ಸ್ವಲ್ಪ ಸಡಿಲಿಸಿದರೆ ಮತ್ತೆ ಓಟ. ಎರಡು ಕಿಲೋದ ಒಂದು ಮಿಶ್ರತಳಿ, ಅದೇ ರಾಡಿನಲ್ಲಿ, ಎರಡು ಕಿಲೋ ಸ್ಮಾಲ್‌ಮೌತನ್ನು ಮೀರಿಸುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ, ಸ್ಮಾಲ್‌ಮೌತ್ ನನಗೆ ಎಷ್ಟೇ ಇಷ್ಟವಾದರೂ.

ಪೀಕಾಕ್ ಬಾಸ್ ಸಿಕ್ಲಿಡ್ ಎಂಬ ಇನ್ನೊಂದು ಕುಟುಂಬದ್ದು, ಅಮೆಜಾನ್ ಸೀಮೆಯದು. ಬ್ರೆಜಿಲಿನ ರಿಯೊ ನೀಗ್ರೊದಲ್ಲಿ ಸಿಗುವ ದೊಡ್ಡ ಜಾತಿ 13 ಕಿಲೋ ದಾಟಿದ ದಾಖಲೆ ಇದೆ. ಮೊದಲ ಹತ್ತು ಸೆಕೆಂಡಿನ ಕ್ರೌರ್ಯಕ್ಕೆ ಬೇರೆ ಯಾವ ಬಾಸ್ ಕೂಡ ಸಾಟಿಯಿಲ್ಲ. ತೆಳು ತಂತಿಯ ಮುಕ್ಕೊಕ್ಕೆ ಗಾಳಗಳನ್ನು ನೆಟ್ಟಗೆ ಮಾಡಿಬಿಡುತ್ತದೆ, ಅದಕ್ಕೇ ಅಲ್ಲಿಗೆ ಹೋಗುವವರು ಲ್ಯೂರ್‌ಗೆ (ಕೃತಕ ಎರೆಗೆ) ದಪ್ಪ ಗಾಳ ಹಾಕಿಕೊಂಡು ಹೋಗುತ್ತಾರೆ. ಅಷ್ಟು ದೂರ ಹೋಗಲಾಗದವರಿಗೆ ದಕ್ಷಿಣ ಫ್ಲೋರಿಡಾದ ಕಾಲುವೆಗಳಿವೆ. 1984ರಿಂದ ಅಲ್ಲಿ ಬಟರ್‌ಫ್ಲೈ ಪೀಕಾಕ್ ಬಿಟ್ಟಿದ್ದಾರೆ. ಚಳಿ ತಡೆಯದ ಮೀನಾದ್ದರಿಂದ ಆ ಭಾಗ ಬಿಟ್ಟು ಉತ್ತರಕ್ಕೆ ಹೆಚ್ಚು ಹಬ್ಬಿಲ್ಲ.

ಒಂದು ಮಾತು ದಯವಿಟ್ಟು ಗಮನಿಸಿ. ಹೆಚ್ಚು ಸೆಣಸುವ ಮೀನೇ ಸೆಣಸಿ ಸಾಯುವ ಮೀನು ಕೂಡ. ಸ್ಟ್ರೈಪರ್ ಮತ್ತು ಮಿಶ್ರತಳಿ ಬೆಚ್ಚನೆಯ ನೀರಲ್ಲಿ ತಮ್ಮ ಶಕ್ತಿ ಮುಗಿಯುವವರೆಗೂ ಓಡುತ್ತವೆ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಬಿಟ್ಟ ಮೇಲೆ ಈಜಿಹೋದಂತೆ ಕಂಡರೂ ಅನೇಕವು ಉಳಿಯುವುದಿಲ್ಲ. ನಡುಬೇಸಿಗೆಯಲ್ಲಿ ಹಿಡಿದು ಬಿಡುವ ಉದ್ದೇಶವಿದ್ದರೆ ಇವುಗಳ ತಂಟೆಗೇ ಹೋಗಬೇಡಿ. ಯಾವ ಬಾಸ್ ಆದರೂ ತೆಳು ದಾರ ಹಾಕಿ ಸೆಣಸಾಟವನ್ನು ಬೇಕೆಂದೇ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಹತ್ತು ಮೀಟರಿಗಿಂತ ಆಳದಿಂದ ಎತ್ತಿದ ಸ್ಮಾಲ್‌ಮೌತ್‌ನ ಗಾಳಿಚೀಲ ಉಬ್ಬಿ, ತಿರುಗಿ ಕೆಳಗೆ ಹೋಗಲಾರದೆ ತೇಲುವುದೂ ಉಂಟು. ಅಷ್ಟು ಆಳದಲ್ಲಿ ಸಿಗುತ್ತಿದ್ದರೆ ಜಾಗ ಬದಲಿಸಿ.

ನಿಮಗೆ ನನ್ನ ಸಲಹೆ ಸ್ಮಾಲ್‌ಮೌತ್. ಮಿಶ್ರತಳಿ ಗುಂಪಾಗಿ ಅಲೆಯುವುದರಿಂದ ಹುಡುಕುವುದೇ ಒಂದು ಕೆಲಸ, ಪೀಕಾಕ್‌ಗೆ ಪ್ರಯಾಣ ಬೇಕು. ಸ್ಮಾಲ್‌ಮೌತ್‌ಗೆ ಶರತ್ಕಾಲದಲ್ಲಿ, ಬಂಡೆಯಿರುವ ಹೊಳೆಯ ಸೆಳವಿನ ಅಂಚಿನಲ್ಲಿ ನಿಂತರೆ ಸಾಕು. ನೀವು ಲಾರ್ಜ್‌ಮೌತ್‌ಗೆ ಬಳಸುವ ಮಧ್ಯಮ ಬಲದ ಸ್ಪಿನ್ನಿಂಗ್ ರಾಡನ್ನೇ ಒಯ್ಯಿರಿ, ಎಂಟು ಪೌಂಡಿನ ದಾರ ಹಾಕಿ, ಡ್ರ್ಯಾಗನ್ನು ದಾರದ ಬಲದ ಕಾಲುಭಾಗಕ್ಕೆ ಹೊಂದಿಸಿ. ಮೀನು ಜಿಗಿಯುವಾಗ ರಾಡಿನ ತುದಿ ತಗ್ಗಿಸಿ. ಹತ್ತಿರ ಬಂದಾಗ ಡ್ರ್ಯಾಗ್ ಬಿಗಿ ಮಾಡುವ ಆಸೆ ಬರುತ್ತದೆ, ಮಾಡಬೇಡಿ. ಕಾಲಬುಡದಲ್ಲಿ ಇನ್ನೊಂದು ಓಟ ಬಾಕಿ ಇರುತ್ತದೆ. ಅದೇ ವಾರ ಅದೇ ರಾಡಿನಲ್ಲಿ ಒಂದು ಲಾರ್ಜ್‌ಮೌತನ್ನೂ ಹಿಡಿಯಿರಿ. ನಿಮ್ಮ ಗೆಳೆಯರು ಹೇಳಿದ್ದು ಎರಡು ಪಟ್ಟೋ ಒಂದೂಕಾಲು ಪಟ್ಟೋ ನಿಮ್ಮ ಕೈಯೇ ಹೇಳುತ್ತದೆ.