ಮೊದಲು ಮಗ್ಗದ ಮನೆಯವರಿಗೆ ತೋರಿಸಿ

ಓದುಗರ ಪತ್ರ: ಚಳ್ಳಕೆರೆ ಹತ್ತಿರದ ಒಂದು ಕಂಬಳಿ ನೇಯುವ ಕುಟುಂಬದ ಮೇಲೆ 24 ನಿಮಿಷದ ಕಿರುಚಿತ್ರ ಮಾಡಿದ್ದೇನೆ. ಕೈಯಿಂದ ದುಡ್ಡು ಹಾಕಿದ್ದೇನೆ. ಕೆಲಸ ಮುಗಿದ ರಾತ್ರಿಯೇ ಯೂಟ್ಯೂಬ್‌ಗೆ ಹಾಕಿದೆ. ನಾನೂರು ಜನವೂ ನೋಡಿಲ್ಲ. ನೋಡಿದವರೂ ಎರಡು ನಿಮಿಷಕ್ಕೇ ಬಿಟ್ಟು ಹೋಗುತ್ತಾರೆ. ಎರಡು ಚಿತ್ರೋತ್ಸವದವರು 'ಆಗಲೇ ಆನ್‌ಲೈನ್‌ನಲ್ಲಿದೆ' ಎಂದು ಬೇಡ ಅಂದರು. ನಮ್ಮ ಕಡೆ ಜನಕ್ಕೆ ಇಂಥ ಚಿತ್ರ ಬೇಕಿಲ್ಲ ಅನ್ನಿಸುತ್ತಿದೆ. ಪ್ರೇಕ್ಷಕರನ್ನು ಎಲ್ಲಿ ಹುಡುಕಲಿ?
– ಒಬ್ಬ ಓದುಗ, ಚಳ್ಳಕೆರೆ

ಸಂಪಾದಕರ ಉತ್ತರ:

ನೀವು ಕಳಿಸಿದ ಲಿಂಕ್‌ನಲ್ಲಿ ಚಿತ್ರವನ್ನು ಪೂರ್ತಿ ನೋಡಿದೆ. ಕಚೇರಿಯಲ್ಲಿ ಇನ್ನಿಬ್ಬರಿಗೂ ತೋರಿಸಿದೆ. ಆ ಅಜ್ಜಿ ಹುಣಸೆಬೀಜದ ಗಂಜಿ ಕಾಯಿಸಿ ಉಣ್ಣೆ ದಾರಕ್ಕೆ ಹಚ್ಚುವ ಭಾಗ ಬಂದಾಗ ಮೂವರೂ ಸುಮ್ಮನೆ ಕೂತು ನೋಡಿದೆವು. ಹಾಗಾಗಿ ಚಿತ್ರ ಚೆನ್ನಾಗಿದೆಯಾ ಇಲ್ಲವಾ ಅನ್ನುವ ಪ್ರಶ್ನೆ ಬೇಡ. ಆದರೆ 'ನಮ್ಮ ಕಡೆ ಜನಕ್ಕೆ ಬೇಕಿಲ್ಲ' ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಮಗ್ಗದ ಮನೆಯವರು ಚಿತ್ರ ನೋಡಿದರಾ ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ.

ನಮ್ಮ ಸೀಮೆಯಲ್ಲಿ ಜನ ತಾವಾಗಿ ಬರಲಿ ಅಂತ ಕಾದು ಕೂತವರು ಕಡಿಮೆ. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನೇ ನೋಡಿ. ರಂಗನಟಿ ಚಿಂದೋಡಿ ಲೀಲಾ ಅವರು ಬೆಳೆದದ್ದು ಅಲ್ಲಿ. ಕಂಪನಿಯವರು ಊರಿಂದ ಊರಿಗೆ ಹೋಗಿ ಕ್ಯಾಂಪ್ ಹಾಕುತ್ತಿದ್ದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ಶಿವಸಂಚಾರ ತಂಡ ನಾಟಕ ಹೊತ್ತುಕೊಂಡು ರಾಜ್ಯ ಸುತ್ತುತ್ತಿದೆ. ಸಿನಿಮಾ ಬೇರೆ ಅನ್ನುತ್ತೀರಾ? ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನವರು 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಜಗತ್ತಿನ ದೊಡ್ಡ ಸಿನಿಮಾಗಳನ್ನು ತೋರಿಸಿದರು. ಭಾಷೆ ಗೊತ್ತಿಲ್ಲದ ಸಿನಿಮಾವನ್ನೇ ಹಳ್ಳಿಯವರು ಕೂತು ನೋಡಿದ್ದಾರೆ. ನಿಮ್ಮದು ಚಳ್ಳಕೆರೆಯ ಮಾತಿನಲ್ಲೇ ಇದೆ.

ಆದ್ದರಿಂದ ಮೊದಲ ಪ್ರದರ್ಶನ ಆ ಊರಲ್ಲೇ ಆಗಲಿ. ಪಂಚಾಯಿತಿಯವರಿಗೆ ಮೊದಲೇ ತಿಳಿಸಿ. ದೇವಸ್ಥಾನದ ಮುಂದಿನ ಬಯಲೋ ಸಮುದಾಯ ಭವನವೋ ಕೇಳಿ. ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ. ಪರದೆಗೆ ಸುಣ್ಣ ಹೊಡೆದ ಗೋಡೆ ಸಾಕು. ದುಡ್ಡು ಉಳಿಸುವುದಾದರೆ ಪರದೆ, ಪ್ರೊಜೆಕ್ಟರಿನಲ್ಲಿ ಉಳಿಸಿ, ಸೌಂಡಿನಲ್ಲಿ ಬೇಡ. ಮಾತು ಕೇಳಿಸದಿದ್ದರೆ ಹಿಂದಿನ ಸಾಲಿನವರು ಹರಟೆ ಶುರು ಮಾಡುತ್ತಾರೆ, ಆಮೇಲೆ ಎಲ್ಲರದೂ ಮುಗಿಯಿತು. ಶಾಮಿಯಾನದವರ ಹತ್ತಿರ ಎರಡು ಸ್ಪೀಕರ್ ತೆಗೆದುಕೊಳ್ಳಿ. ಕರೆಂಟ್ ಹೋದರೆ ಏನು ಅಂತ ಮೊದಲೇ ಯೋಚಿಸಿ. ಹೊತ್ತು ಮಾತ್ರ ಹೆಂಗಸರನ್ನು ಕೇಳಿಯೇ ಗೊತ್ತು ಮಾಡಿ. ಅಡುಗೆ, ಊಟ ಮುಗಿಯುವ ಮೊದಲು ಶುರು ಮಾಡಿದರೆ ಗಂಡಸರೂ ಹುಡುಗರೂ ಮಾತ್ರ ಬರುತ್ತಾರೆ. ನಿಮ್ಮ ಚಿತ್ರದಲ್ಲಿ ಅರ್ಧ ಕೆಲಸ ಹೆಂಗಸರದ್ದು, ಅಲ್ವಾ? ಕ್ರಿಕೆಟ್ ಮ್ಯಾಚ್ ಇರುವ ದಿನ ಬೇಡವೇ ಬೇಡ.

ಮುಗಿದ ಮೇಲೆ ಭಾಷಣ ಮಾಡಬೇಡಿ. ಮೈಕ್ ಆ ಅಜ್ಜಿಯ ಕೈಗೆ ಕೊಡಿ. ಅವರು ಏನು ತಪ್ಪು ಹಿಡಿಯುತ್ತಾರೆ, ಜನ ಎಲ್ಲಿ ನಕ್ಕರು, ಎಲ್ಲಿ ಎದ್ದು ಹೋದರು, ಬರೆದಿಟ್ಟುಕೊಳ್ಳಿ. ಅಲ್ಲಿಂದ ಪಕ್ಕದ ಕಂಬಳಿ ಊರುಗಳಿಗೆ ಹೋಗಿ. ಆಮೇಲೆ ಚಳ್ಳಕೆರೆ, ಹಿರಿಯೂರಿನ ಕಾಲೇಜುಗಳು, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ. ಜಾತ್ರೆಯಲ್ಲಿ ತೋರಿಸುವ ಆಸೆ ಇದ್ದರೆ ಬಿಟ್ಟುಬಿಡಿ. ನಾಯಕನಹಟ್ಟಿ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ನಿಜ. ಅವರು ತೇರು ನೋಡಲು, ಮಂಡಕ್ಕಿ ಮಿರ್ಚಿ ತಿನ್ನಲು ಬಂದವರು. ಆ ಗದ್ದಲದಲ್ಲಿ ನಿಮ್ಮ ಮಗ್ಗದ ಸದ್ದು ಯಾರಿಗೆ ಕೇಳಿಸೀತು?

ಚಿತ್ರೋತ್ಸವದ ವಿಷಯ. ಇಲ್ಲಿ ನೀವು ಎಡವಿದ್ದು ಕ್ರಮದಲ್ಲಿ. ಅನೇಕ ಉತ್ಸವಗಳಿಗೆ ಹೊಸ ಚಿತ್ರವೇ ಬೇಕು, ಯೂಟ್ಯೂಬ್‌ನಲ್ಲಿ ಎಲ್ಲರಿಗೂ ಸಿಗುವುದು ಬೇಡ. ಮೊದಲು ಉತ್ಸವ, ಆಮೇಲೆ ಯೂಟ್ಯೂಬ್ ಅನ್ನುವುದು ಅದಕ್ಕೇ. ಈಗಲೇ ಪ್ರೈವೇಟ್ ಮಾಡಿ. ಹಿಂದೆ ಆನ್‌ಲೈನ್‌ನಲ್ಲಿತ್ತು ಅನ್ನುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಅದನ್ನು ಲೆಕ್ಕಿಸದ ಉತ್ಸವಗಳೂ ಇವೆ, ನಿಯಮ ಓದಿ ಕಳಿಸಿ. ಬೆಂಗಳೂರಿನ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ 2010ರಿಂದ ನಡೆಯುತ್ತಿದೆ. ತಿರುವನಂತಪುರದಲ್ಲಿ ಕೇರಳ ಚಲಚ್ಚಿತ್ರ ಅಕಾಡೆಮಿಯವರು 2008ರಿಂದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಕ್ಕೆಂದೇ ಉತ್ಸವ ಮಾಡುತ್ತಾರೆ. ಮುಂಬೈಯದು 1990ರಷ್ಟು ಹಳೆಯದು. ಮೊದಲು ಇಂಥವು ನೋಡಿ. ಉತ್ಸವಗಳಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಫಿಲ್ಮ್‌ಫ್ರೀವೇ ತಾಣದಲ್ಲಿ ಕಾಣುವ ಹೆಸರಿಗೆಲ್ಲ ಡಾಲರ್ ಕಟ್ಟುತ್ತಾ ಕೂರಬೇಡಿ. ಎಲ್ಲಿ ತೋರಿಸುತ್ತಾರೆ, ಯಾರು ನೋಡುತ್ತಾರೆ ಅನ್ನುವುದೇ ಗೊತ್ತಾಗದೆ ಬರೀ ಸರ್ಟಿಫಿಕೇಟ್ ಕಳಿಸುವ 'ಅಂತರರಾಷ್ಟ್ರೀಯ' ಉತ್ಸವಗಳೂ ಅಲ್ಲಿವೆ. ಗೋಡೆಗೆ ಹಾಕಲು ಚೆಂದ, ಅಷ್ಟೇ. ಹೊರಗೆ ಕಳಿಸಲು ಇಂಗ್ಲಿಷ್ ಸಬ್‌ಟೈಟಲ್ ಬೇಕು. ಅದನ್ನು ಚಳ್ಳಕೆರೆ ಮಾತು ಗೊತ್ತಿದ್ದವರಿಂದಲೇ ಬರೆಸಿ.

ಇನ್ನು ಆ ಎರಡು ನಿಮಿಷ. ಜನ ಯಾಕೆ ಬಿಟ್ಟು ಹೋಗುತ್ತಾರೆ ಅಂತ ನನಗೆ ಚೆನ್ನಾಗಿ ಅರ್ಥವಾಯಿತು. ಮೊದಲು ಬ್ಯಾನರ್, ಆಮೇಲೆ ಕೃತಜ್ಞತೆಗಳ ಉದ್ದ ಪಟ್ಟಿ, ಆಮೇಲೆ ಚಿತ್ರದುರ್ಗದ ಕೋಟೆಯ ಮೇಲೆ ಡ್ರೋನ್. ಕೋಟೆ ನಮ್ಮೆಲ್ಲರ ಹೆಮ್ಮೆ ಸ್ವಾಮಿ, ಆದರೆ ಚಳ್ಳಕೆರೆಯ ಕಂಬಳಿಗೂ ಅದಕ್ಕೂ ಏನು ಸಂಬಂಧ? ಜಿಲ್ಲೆಯಲ್ಲಿ ಯಾರು ಏನು ಶೂಟ್ ಮಾಡಿದರೂ ಕೋಟೆ ಬರಲೇಬೇಕು ಅನ್ನುವ ಚಟ ನಮಗೆ ಜಾಸ್ತಿಯಾಗಿದೆ. ಮೇಲಾಗಿ ಅದು ಪುರಾತತ್ವ ಇಲಾಖೆಯ ಸ್ಮಾರಕ, ಡ್ರೋನ್ ಹಾರಿಸಲು ಅನುಮತಿ ಬೇಕು. ಅದನ್ನು ತೆಗೆದುಬಿಡಿ. ಮಗ್ಗದ ಸದ್ದಿನಿಂದಲೇ ಶುರು ಮಾಡಿ. ಕೃತಜ್ಞತೆ ಕೊನೆಗೆ ಬರಲಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಜನ ಯಾವ ಕ್ಷಣಕ್ಕೆ ಬಿಟ್ಟು ಹೋದರು ಅನ್ನುವ ಗೆರೆ ಸಿಗುತ್ತದೆ. ಮುಂದೆ ಮತ್ತೆ ಹಾಕಿದಾಗ ಅದನ್ನೂ ಊರಲ್ಲಿ ಬರೆದುಕೊಂಡದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಎರಡು ತೊಡಕು ಬಾಕಿ ಇವೆ. ಮಗ ಬೈಕ್‌ನಲ್ಲಿ ಹೋಗುವಾಗ ಹಳೇ ಸಿನಿಮಾ ಹಾಡು ಹಾಕಿದ್ದೀರಿ. ಹಕ್ಕು ಪಡೆದಿಲ್ಲ ಅಂದುಕೊಳ್ಳುತ್ತೇನೆ. ಯೂಟ್ಯೂಬ್ ಅದನ್ನು ತಾನೇ ಹಿಡಿಯುತ್ತದೆ. ಜಾಹೀರಾತಿನ ಹಣ ಹಾಡಿನ ಕಂಪನಿಗೆ ಹೋಗಬಹುದು, ಚಿತ್ರವೇ ನಿಂತರೂ ನಿಲ್ಲಬಹುದು. ಉತ್ಸವದವರೂ ಹಕ್ಕಿನ ಬಗ್ಗೆ ಕೇಳುತ್ತಾರೆ. ಆ ಊರಲ್ಲೇ ಯಾರಾದರೂ ಕುರಿ ಕಾಯುವವರ ಪದ ಹೇಳುತ್ತಿರುತ್ತಾರೆ. ಅವರ ಒಪ್ಪಿಗೆ ಕೇಳಿ ಅದನ್ನೇ ರೆಕಾರ್ಡ್ ಮಾಡಿ, ಹೆಸರು ಹಾಕಿ, ಕೈಗೆ ಏನಾದರೂ ಕೊಡಿ.

ಎರಡನೆಯದು ಸೆನ್ಸಾರ್. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕು. ಕಿರುಚಿತ್ರ ಅಂತ ವಿನಾಯಿತಿ ಇಲ್ಲ. ರಾಷ್ಟ್ರ ಪ್ರಶಸ್ತಿಗೆ ಕಳಿಸುವ ಮನಸ್ಸಿದ್ದರೂ ಅದು ಬೇಕು. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಊರೂರು ಸುತ್ತುವ ಮೊದಲು ಇದನ್ನು ಮುಗಿಸಿಕೊಳ್ಳಿ. ಹೊಸ ಎಡಿಟ್ ಆದ ಮೇಲೆಯೇ ಅರ್ಜಿ ಹಾಕಿ. ಪ್ರಮಾಣಪತ್ರ ಬಂದ ಮೇಲೆ ಕತ್ತರಿಸಿ ಅಂಟಿಸಿದರೆ ಮತ್ತೆ ಅವರ ಹತ್ತಿರವೇ ಹೋಗಬೇಕಾಗುತ್ತದೆ.

ಉದ್ದ ಕಡಿಮೆ ಮಾಡಿ ಅಂತ ನಿಮಗೆ ಹಲವರು ಹೇಳಿರಬಹುದು. ಕೋಟೆ ಹೋಗಿ ಪಟ್ಟಿ ಚಿಕ್ಕದಾದರೆ ತಾನೇ ಇಪ್ಪತ್ತೆರಡರ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಇಳಿಸುವ ಹಟ ಬೇಡ. ಅಜ್ಜಿ ಗಂಜಿ ಹಚ್ಚುವುದಕ್ಕಂತೂ ಯಾರು ಏನೇ ಅಂದರೂ ಕತ್ತರಿ ಹಾಕಬೇಡಿ.