ಕೂಳೆ ಜೋಳದ ಚಿಗುರು ಮೇಯ್ದ ಎಮ್ಮೆ ಸತ್ತಿದ್ದೇಕೆ?

ಪ್ರಶ್ನೆ: ಮೇವಿನ ಜೋಳ ಕೊಯ್ದ ಮೇಲೆ ಮಳೆ ಕೈಕೊಟ್ಟಿತ್ತು. ಆಮೇಲೆ ಒಂದು ಮಳೆಗೆ ಕೂಳೆ ಮೊಣಕಾಲುದ್ದ ಚಿಗುರಿತು. ಹಗ್ಗ ಬಿಚ್ಚಿಕೊಂಡು ಹೋಗಿ ಅದನ್ನು ಮೇಯ್ದ ಎಮ್ಮೆ ಅರ್ಧ ಗಂಟೆಯಲ್ಲೇ ಸತ್ತಿತು. ಊರವರು ಹಾವು ಕಚ್ಚಿದೆ ಎನ್ನುತ್ತಾರೆ. ಉಳಿದ ಚಿಗುರನ್ನು ಬಾಡಿಸಿ ಹಾಕಬಹುದೇ?

ಉತ್ತರ: ಬಾಡಿಸಿ ಹಾಕಲೇಬೇಡಿ. ಇಷ್ಟು ಬೇಗ ಸತ್ತಿದೆಯೆಂದರೆ ಹಾವಿಗಿಂತ ಸಯನೈಡ್ ಮೇಲೆಯೇ ಅನುಮಾನ ಹೆಚ್ಚು.

ಜೋಳದ ಎಳೆ ಎಲೆಯಲ್ಲಿ ಧುರಿನ್ ಎಂಬ ವಸ್ತುವಿದೆ. ಅದನ್ನು ಒಡೆಯುವ ಕಿಣ್ವ ಅದೇ ಎಲೆಯ ಬೇರೆ ಕೋಶಗಳಲ್ಲಿರುತ್ತದೆ. ಅಗಿದಾಗ, ತುಳಿದಾಗ, ಬಾಡಿದಾಗ ಎರಡೂ ಬೆರೆತು ಸಯನೈಡ್ ಹೊರಡುತ್ತದೆ. ದನ, ಎಮ್ಮೆ, ಕುರಿಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೂ ಧುರಿನ್ ಒಡೆಯುವುದರಿಂದ ಅವಕ್ಕೆ ಕುದುರೆ, ಹಂದಿಗಿಂತ ಅಪಾಯ ಜಾಸ್ತಿ. ಮೈತೂಕದ ಕಿಲೋಗೆ ಸುಮಾರು 2 ಮಿ.ಗ್ರಾಂ ಸಯನೈಡ್ ಪ್ರಾಣ ತೆಗೆಯಬಲ್ಲದು. ಅಂದರೆ 400 ಕಿಲೋ ಎಮ್ಮೆಗೆ 800 ಮಿ.ಗ್ರಾಂ. ಕಿಲೋ ಹಸಿ ಚಿಗುರಿನಲ್ಲಿ 200 ಮಿ.ಗ್ರಾಂ ಇದ್ದರೆ ನಾಲ್ಕೇ ಕಿಲೋ ಸಾಕು! ನಿಧಾನ ತಿಂದರೆ ದೇಹ ಒಂದಿಷ್ಟನ್ನು ಕಳೆದುಕೊಳ್ಳುತ್ತದೆ. ಹಸಿದು ಗಬಗಬ ತಿಂದದ್ದೇ ಸಾಯುವುದು.

ಬರ, ಕೂಳೆ ಚಿಗುರು, ಹೆಚ್ಚು ಯೂರಿಯಾ, ಈ ಮೂರೂ ವಿಷ ಏರಿಸುತ್ತವೆ. ಬಿತ್ತಿ 50 ದಿನವಾಗಿ ತೆನೆ ಹೂ ಬಿಟ್ಟ ಮೇಲೆ ಕೊಯ್ಯಿರಿ. ಈಗಿರುವ ಕೂಳೆಯನ್ನು ಹಾಗೇ ಬೆಳೆಯಬಿಡಿ, ಇಲ್ಲವೇ ಕತ್ತರಿಸಿ ರಸಮೇವು (ಗಾಳಿಯಾಡದಂತೆ ಒತ್ತಿ ಹುದುಗಿಸಿದ ಮೇವು, ಸೈಲೇಜ್) ಮಾಡಿ 3–4 ವಾರ ಮುಚ್ಚಿಡಿ. ತೆಗೆದ ಮೇವನ್ನು ಗಾಳಿಗೆ ಹರಡಿ ಹಾಕಿ. ಬಿಸಿಲಲ್ಲಿ ತೆಳುವಾಗಿ ಹರಡಿ ಗರಿಗರಿ ಒಣಗಿಸಿದರೂ ವಿಷ ತಗ್ಗುತ್ತದೆ, ಆದರೆ ಅರೆಬಾಡಿದ್ದು ಹಸಿಯದಷ್ಟೇ ಕೆಟ್ಟದ್ದು. ಸಜ್ಜೆಯಲ್ಲಿ ಧುರಿನ್ ಕಾಟವಿಲ್ಲ. ಬರದಲ್ಲಿ ಅದಕ್ಕೆ ನೈಟ್ರೇಟ್ ಸೇರುತ್ತದೆ, ಅದು ಬೇರೆ ಕಾಟ.

ಮತ್ತೊಂದಕ್ಕೆ ಹೀಗಾದರೆ: ಜೋರು ಏದುಸಿರು, ಜೊಲ್ಲು, ನಡುಕ ಕಂಡ ತಕ್ಷಣ ಮೇವು ಬಿಡಿಸಿ ಪಶುವೈದ್ಯರನ್ನು ಕರೆಸಿ. ಅವರು ಮೊದಲು ರಕ್ತದ ಬಣ್ಣ ನೋಡುತ್ತಾರೆ. ಸಯನೈಡ್‌ನಲ್ಲಿ ಜೀವಕೋಶಗಳು ಆಮ್ಲಜನಕ ಬಳಸಲಾರವು, ಹಾಗಾಗಿ ರಕ್ತ ಚೆರ್ರಿ ಹಣ್ಣಿನಂತೆ ಹೊಳೆಯುವ ಕೆಂಪಾಗಿಯೇ ಉಳಿಯುತ್ತದೆ; ನೈಟ್ರೇಟ್ ವಿಷದಲ್ಲಿ ಚಾಕೊಲೇಟ್ ಬಣ್ಣ. ಸಯನೈಡ್‌ಗೆ ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಕೊಡುತ್ತಾರೆ. ಆದರೆ ನೈಟ್ರೇಟ್ ವಿಷಕ್ಕೆ ಅದೇ ನೈಟ್ರೈಟ್ ಕೊಟ್ಟರೆ ರಾಸು ಕೈತಪ್ಪುತ್ತದೆ. ಅದಕ್ಕೇ ಈ ಚುಚ್ಚುಮದ್ದನ್ನು ಅಂದಾಜಿನ ಮೇಲೆ ನೀವೇ ಕೊಡಬೇಡಿ.